ತೊಡೆಯ ಹಿಂಬದಿ ಬಿಗಿದರೆ ಎಳೆಯುವುದೊಂದೇ ದಾರಿಯೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾಗದ ಬಗ್ಗೆ ಇದ್ದವು: ತೊಡೆಯ ಹಿಂಬದಿ. ಮೈದಾನದಲ್ಲಿ ಎಲ್ಲರೂ ಹ್ಯಾಮ್‌ಸ್ಟ್ರಿಂಗ್ ಎಂದು ಕರೆಯುವುದು ಒಂದು ಸ್ನಾಯುವನ್ನಲ್ಲ, ಮೂರು ಸ್ನಾಯುಗಳ ಗುಂಪನ್ನು. ನೆಲದ ಮೇಲೆ ಕೂತಾಗ ಒತ್ತುವ ಮೂಳೆಯಿಂದ ಹೊರಟು, ಮೊಣಕಾಲು ದಾಟಿ, ಅದರ ಕೆಳಗಿನ ಮೂಳೆಗಳಿಗೆ ಅವು ಕಚ್ಚಿಕೊಂಡಿವೆ. ಹೊರಬದಿಯ ಸ್ನಾಯುವಿನ ಚಿಕ್ಕ ಕವಲೊಂದು ಮಾತ್ರ ತೊಡೆಮೂಳೆಯಿಂದಲೇ ಹುಟ್ಟುತ್ತದೆ. ಸೊಂಟದ ಕೀಲು, ಮೊಣಕಾಲು ಎರಡನ್ನೂ ದಾಟುವ ಈ ಸ್ನಾಯುಗಳಿಗೆ ಕೆಲಸವೂ ಎರಡು: ತೊಡೆಯನ್ನು ಹಿಂದಕ್ಕೆ ತಳ್ಳುವುದು, ಮೊಣಕಾಲು ಮಡಚುವುದು. ಕೆಳಗಿನ ಉತ್ತರಗಳಿಗೆಲ್ಲ ಈ ಮಾಹಿತಿ ಬೇಕಾಗುತ್ತದೆ.

ಪ್ರಶ್ನೆ: ನನಗೆ 19 ವರ್ಷ, 400 ಮೀಟರ್ ಓಡುತ್ತೇನೆ. ಆರು ತಿಂಗಳಿಂದ ಎರಡು ಹೊತ್ತೂ ಬಗ್ಗಿ ಕಾಲ್ಬೆರಳು ಮುಟ್ಟುವ ಸ್ಟ್ರೆಚ್ ಮಾಡುತ್ತಿದ್ದೇನೆ. ಆದರೂ ಕೊನೆಯ 100 ಮೀಟರ್‌ನಲ್ಲಿ ಬಲತೊಡೆಯ ಹಿಂದೆ ಹಗ್ಗ ಕಟ್ಟಿ ಎಳೆದ ಹಾಗಾಗುತ್ತದೆ. ಇನ್ನೂ ಹೆಚ್ಚು ಹೊತ್ತು ಎಳೆಯಬೇಕೇ?
— ಓಟಗಾರ್ತಿ, ಹಾಸನ

ಉತ್ತರ: ಬೇಡ, ಮೊದಲು ಅಳೆದು ನೋಡಿ. ಸ್ನಾಯು ಬಿಗಿಯಾಗಿದೆ ಅನ್ನಿಸುವುದು ಬೇರೆ, ಅದರ ಉದ್ದ ಸಾಲದಿರುವುದು ಬೇರೆ. ದಣಿದ ಸ್ನಾಯು, ಬಲ ಸಾಲದ ಸ್ನಾಯು, ಹಿಂದೊಮ್ಮೆ ಹರಿದು ವಾಸಿಯಾದ ಸ್ನಾಯು, ಕೆರಳಿದ ನರ, ಇವೆಲ್ಲವೂ ಓಡುವವರಿಗೆ ಒಂದೇ ಬಗೆಯ ‘ಬಿಗಿತ’ವಾಗಿ ತಿಳಿಯುತ್ತವೆ. ಬಗ್ಗಿ ಕಾಲ್ಬೆರಳು ಮುಟ್ಟುವುದರಿಂದ ಇವನ್ನು ಬೇರ್ಪಡಿಸಲಾಗದು. ಬೆನ್ನು ಚೆನ್ನಾಗಿ ಬಾಗುವವರು, ಕೈ ಉದ್ದ ಇರುವವರು ಹ್ಯಾಮ್‌ಸ್ಟ್ರಿಂಗ್ ಗಿಡ್ಡವಾಗಿದ್ದರೂ ಮುಟ್ಟಿಬಿಡುತ್ತಾರೆ.

ಮೊದಲ ಪರೀಕ್ಷೆ ಹೀಗೆ. ಅಂಗಾತ ಮಲಗಿ. ಎಡಗಾಲು ನೆಲದ ಮೇಲೆ ನೇರವಾಗಿರಲಿ. ಬಲತೊಡೆಯನ್ನು ನೆಲಕ್ಕೆ ಲಂಬವಾಗಿ ಎತ್ತಿ, ಎರಡು ಕೈಯಿಂದ ತೊಡೆಯ ಹಿಂದೆ ಹಿಡಿದು ಅಲುಗದಂತೆ ನಿಲ್ಲಿಸಿ. ಈಗ ಮೊಣಕಾಲನ್ನು ನಿಧಾನವಾಗಿ ನೆಟ್ಟಗೆ ಮಾಡಿ. ಜೊತೆಯವರು ಪಕ್ಕದಿಂದ ಒಂದು ಫೋಟೊ ತೆಗೆಯಲಿ. ಪೂರ್ತಿ ನೆಟ್ಟಗಾಗಲು ಸುಮಾರು 20 ಡಿಗ್ರಿ ಕಡಿಮೆ ಬಿದ್ದರೆ ಚಿಂತೆಯಿಲ್ಲ. 30–40 ಡಿಗ್ರಿ ಕಡಿಮೆ ಬಿದ್ದರೆ ಅಥವಾ ಎರಡು ಕಾಲಿಗೂ ಎದ್ದು ಕಾಣುವ ವ್ಯತ್ಯಾಸವಿದ್ದರೆ ಉದ್ದ ಸಾಲದು ಎಂದು ತಿಳಿಯಬಹುದು.

ಎರಡನೆಯದು ನರದ ಪರೀಕ್ಷೆ. ಮೇಜಿನ ಅಂಚಿನಲ್ಲಿ ಕೂತು ಬೆನ್ನು ಗೂನು ಮಾಡಿ, ಗದ್ದವನ್ನು ಎದೆಗೆ ತಾಗಿಸಿ, ಪಾದವನ್ನು ನಿಮ್ಮ ಕಡೆಗೆ ಮಡಚಿ ಮೊಣಕಾಲು ನೆಟ್ಟಗೆ ಮಾಡಿ. ತೊಡೆಯ ಹಿಂದೆ ಎಳೆತ ಬಂದ ಜಾಗದಲ್ಲೇ ನಿಂತು, ಬೇರೇನನ್ನೂ ಅಲುಗಿಸದೆ ತಲೆ ಮಾತ್ರ ಮೇಲೆತ್ತಿ. ಎಳೆತ ಕೂಡಲೇ ಕಡಿಮೆಯಾದರೆ ಅದು ಸ್ನಾಯುವಿನದಲ್ಲ. ತೊಡೆಯ ಸ್ನಾಯು ಕತ್ತಿನವರೆಗೆ ಬಂದಿಲ್ಲವಲ್ಲ, ತಲೆ ಎತ್ತಿದರೆ ಅದರ ಉದ್ದ ಬದಲಾಗದು. ತಲೆಯಿಂದ ಪಾದದವರೆಗೆ ಒಂದೇ ಎಳೆಯಾಗಿರುವುದು ಬೆನ್ನುಹುರಿ ಮತ್ತು ಅದರಿಂದ ಹೊರಟ ನರಗಳು.

ನರದ ಎಳೆತವಾದರೆ ಹಿಡಿದು ನಿಲ್ಲುವ ಸ್ಟ್ರೆಚ್ ಅದನ್ನು ಮತ್ತಷ್ಟು ಕೆರಳಿಸುತ್ತದೆ. ಬದಲಿಗೆ ನರವನ್ನು ಜಾರಿಸಬೇಕು. ಕುರ್ಚಿಯಲ್ಲಿ ಕೂತು ಮೊಣಕಾಲು ನೆಟ್ಟಗೆ ಮಾಡುತ್ತಾ ತಲೆ ಮೇಲೆತ್ತುವುದು, ಮೊಣಕಾಲು ಮಡಚುತ್ತಾ ತಲೆ ತಗ್ಗಿಸುವುದು. ಎಲ್ಲೂ ನಿಲ್ಲಬಾರದು, ನೋವಿನವರೆಗೆ ಹೋಗಬಾರದು. 10–15 ಸಲ, ದಿನಕ್ಕೆ ಎರಡು ಮೂರು ಸುತ್ತು ಸಾಕು. ಜುಮ್ಮೆನ್ನುವುದು, ಪಾದ ಮರಗಟ್ಟುವುದು, ಕೆಮ್ಮಿದರೆ ಸೀನಿದರೆ ನೋವು ಕಾಲಿಗಿಳಿಯುವುದು ಇದ್ದರೆ ಬೆನ್ನಿನ ತಪಾಸಣೆ ಮೊದಲು ಆಗಲಿ.

ಸ್ನಾಯುವೇ ಗಿಡ್ಡವಾಗಿದ್ದರೆ ಸ್ಟ್ರೆಚ್ ಬೇಕು, ಆದರೆ ಮಾಡುವ ರೀತಿ ಬದಲಾಗಬೇಕು. ನಿಂತು ಬಗ್ಗುವಾಗ ಹೆಚ್ಚಿನವರ ಬೆನ್ನು ಬಾಗುತ್ತದೆ, ಸೊಂಟದ ಕೀಲು ಬಾಗುವುದಿಲ್ಲ. ಸ್ನಾಯು ಹುಟ್ಟುವ ಮೂಳೆ ಅಲುಗದಿದ್ದರೆ ಅದು ಉದ್ದವಾಗುವುದಾದರೂ ಹೇಗೆ? ಹಾಗಾಗಿ ಮಲಗಿ ಮಾಡಿ. ಪಂಚೆಯನ್ನೋ ದುಪಟ್ಟಾವನ್ನೋ ಪಾದಕ್ಕೆ ಸುತ್ತಿ, ಮೊಣಕಾಲನ್ನು ಒಂದಿಷ್ಟೇ ಮಡಚಿಟ್ಟು ಕಾಲೆತ್ತಿ. ಇನ್ನೊಂದು ಕಾಲಿನ ತೊಡೆ ನೆಲ ಬಿಟ್ಟು ಏಳಬಾರದು. ಎಳೆತ ತೊಡೆಯ ನಡುಭಾಗದಲ್ಲಿ ಬರಬೇಕು. ಮೊಣಕಾಲಿನ ಹಿಂಬದಿಯಲ್ಲಿ ಚುಳ್ ಎಂದರೆ ಅದು ನರದ ಅಥವಾ ಮೀನಖಂಡದ ಎಳೆತ. ಆಗ ಪಾದವನ್ನು ಸಡಿಲ ಬಿಟ್ಟು ಮೊಣಕಾಲನ್ನು ಇನ್ನಷ್ಟು ಮಡಚಿ. ಒಂದೊಂದು ಕಾಲಿಗೆ 30 ಸೆಕೆಂಡಿನಂತೆ 2–3 ಸಲ, ವಾರಕ್ಕೆ 5 ದಿನ, 6 ವಾರ. 30 ಸೆಕೆಂಡಿನ ಬದಲು 60 ಸೆಕೆಂಡ್ ಹಿಡಿದರೆ ಹೆಚ್ಚಿನ ಲಾಭವಿಲ್ಲ ಎಂಬುದನ್ನು 1990ರ ದಶಕದಲ್ಲೇ ಅಳೆದು ನೋಡಲಾಗಿದೆ.

ಎರಡು ವಾರದ ನಂತರ ಒತ್ತಿ-ಬಿಡುವ ವಿಧಾನ ಸೇರಿಸಿಕೊಳ್ಳಿ. ಎತ್ತಿದ ಕಾಲಿನ ಹಿಮ್ಮಡಿಯನ್ನು ಬಟ್ಟೆಯ ವಿರುದ್ಧ ನೆಲದ ಕಡೆಗೆ, ಅರ್ಧ ಬಲದಷ್ಟು, 6 ಸೆಕೆಂಡ್ ಒತ್ತಿ. ಬಿಡಿ. ಉಸಿರು ಹೊರಹಾಕುತ್ತಾ ಕಾಲನ್ನು ಸಿಕ್ಕಷ್ಟು ಮೇಲಕ್ಕೆ ತಂದು 20–30 ಸೆಕೆಂಡ್ ಇರಿ. ಮೂರು ಸುತ್ತು. ಪಶ್ಚಿಮೋತ್ತಾನಾಸನ ಮಾಡುವವರಿಗೂ ಇದೇ ಮಾತು: ಮಡಚಿದ ಕಂಬಳಿಯ ಮೇಲೆ ಕೂತು, ಮೊಣಕಾಲು ತುಸು ಮಡಚಿ, ಹಣೆಯನ್ನಲ್ಲ, ಹೊಟ್ಟೆಯನ್ನು ತೊಡೆಯ ಹತ್ತಿರ ತನ್ನಿ.

ಇನ್ನು ಎರಡೂ ಪರೀಕ್ಷೆ ಸರಿಯಾಗಿಯೇ ಬಂದು, ಬಿಗಿತ ಕೊನೆಯ 100 ಮೀಟರ್‌ನಲ್ಲಿ ಮಾತ್ರ ಬರುತ್ತಿದ್ದರೆ? ನಿಮ್ಮ ಪತ್ರ ಓದಿದರೆ ಇದೇ ಇರಬಹುದು ಅನ್ನಿಸುತ್ತದೆ. ಉದ್ದ ಸಾಲದ ಸ್ನಾಯು ಮೊದಲ 100 ಮೀಟರ್‌ನಲ್ಲೂ ಉದ್ದ ಸಾಲದ್ದೇ. ಕೊನೆಗೆ ಮಾತ್ರ ಹಿಡಿಯುವುದು ದಣಿವಿನ ಲಕ್ಷಣ. ಹಾಗಿದ್ದರೆ ನಿಮಗೆ ಬೇಕಿರುವುದು ಉದ್ದವಾದ ಸ್ಥಿತಿಯಲ್ಲಿ ದುಡಿಯುವ ಬಲ. ಅದರ ಕ್ರಮ ಕಬಡ್ಡಿ ಆಟಗಾರರಿಗೆ ಕೊಟ್ಟ ಉತ್ತರದಲ್ಲಿದೆ, ಓಟಗಾರರಿಗೂ ಅದೇ ಅನ್ವಯಿಸುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಓಟದ ಮುಂಚೆ ಮಕ್ಕಳನ್ನು ಸಾಲಾಗಿ ಕೂರಿಸಿ ಕಾಲು ಚಾಚಿಸಿ, ಎರಡು ನಿಮಿಷ ಸ್ಟ್ರೆಚ್ ಹಿಡಿಸುವ ರೂಢಿಯಿದೆ. ಇದು ತಪ್ಪು ಎಂದು ಈಚೆಗೆ ಕೇಳಿದೆ. ನಿಜವೇ?
— ದೈಹಿಕ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಉತ್ತರ: ಸ್ಟ್ರೆಚ್ ತಪ್ಪಲ್ಲ, ಹೊತ್ತು ತಪ್ಪು. ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಎಳೆದು ಹಿಡಿದರೆ ಅದರ ಜಿಗಿಯುವ, ಸಿಡಿಯುವ ಬಲ ಸ್ವಲ್ಪ ಹೊತ್ತು ಇಳಿಯುತ್ತದೆ. ಅದರ ಬೆನ್ನಿಗೇ ಓಟವಿದ್ದರೆ ನಷ್ಟವೇ. 20–30 ಸೆಕೆಂಡ್ ಹಿಡಿದು, ಆಮೇಲೆ ಚಲನೆಯ ವ್ಯಾಯಾಮ ಮಾಡಿಸಿದರೆ ಹಾನಿ ಲೆಕ್ಕಕ್ಕಿಲ್ಲದಷ್ಟು ಕಡಿಮೆ.

ಓಟಕ್ಕೆ ಮುಂಚೆ 15 ನಿಮಿಷ ಹೀಗೆ ಬಳಸಿ. ಮೈ ಬೆಚ್ಚಗಾಗಿ ಬೆವರು ಮೂಡುವವರೆಗೆ 5 ನಿಮಿಷ ನಿಧಾನದ ಓಟ. ನಂತರ ಗೋಡೆ ಹಿಡಿದು ಕಾಲನ್ನು ಹಿಂದೆ ಮುಂದೆ ಬೀಸುವುದು, ಒಂದೊಂದಕ್ಕೆ 12 ಸಲ. ಮೊದಲ ನಾಲ್ಕು ಸಲ ಸೊಂಟದ ಕೆಳಗೇ ಇರಲಿ, ಎತ್ತರ ತಾನಾಗಿ ಬರುತ್ತದೆ. ಆಮೇಲೆ ನಡೆಯುತ್ತಾ ಹಿಮ್ಮಡಿ ಮುಂದಿಟ್ಟು, ಬೆನ್ನು ನೇರವಾಗಿಟ್ಟು ಬಗ್ಗಿ, ನೆಲ ಗುಡಿಸುವ ಹಾಗೆ ಕೈ ಬೀಸುತ್ತಾ 10 ಹೆಜ್ಜೆ. ಮೊಣಕಾಲೆತ್ತುವ ಓಟ 20 ಮೀಟರ್, ಹಿಮ್ಮಡಿಯನ್ನು ಪೃಷ್ಠಕ್ಕೆ ತಾಗಿಸುವ ಓಟ 20 ಮೀಟರ್, ಎರಡೆರಡು ಸಲ. ಕೊನೆಗೆ 60 ಮೀಟರ್‌ನ ಮೂರು ಓಟ: ಮೊದಲನೆಯದು ಪೂರ್ಣ ವೇಗದ ಮುಕ್ಕಾಲಿಗಿಂತ ಕಡಿಮೆ, ಎರಡನೆಯದು ಮುಕ್ಕಾಲು, ಮೂರನೆಯದು ಪೂರ್ಣ ವೇಗದ ಹತ್ತಿರ. ಈ ಮೂರು ಓಟಗಳನ್ನೇ ಹೆಚ್ಚಿನ ಶಾಲೆಗಳಲ್ಲಿ ಬಿಟ್ಟುಬಿಡುತ್ತಾರೆ. ಆಗ ಮಗು ಆ ದಿನ ಮೊತ್ತಮೊದಲ ಬಾರಿಗೆ ಪೂರ್ಣ ವೇಗ ಮುಟ್ಟುವುದು ಸ್ಪರ್ಧೆಯಲ್ಲೇ ಆಗುತ್ತದೆ, ಸ್ನಾಯು ಹರಿಯುವುದೂ ಅಲ್ಲೇ. ದಯವಿಟ್ಟು ಅವನ್ನು ಬಿಡಬೇಡಿ. ಕೂತು ಕಾಲು ಚಾಚುವ ಸ್ಟ್ರೆಚ್ ಆಟ ಮುಗಿದ ಮೇಲಿರಲಿ.

ಸ್ಪರ್ಧೆ ತಡವಾಗಿ ಮಕ್ಕಳು ಅರ್ಧ ಗಂಟೆ ಕೂತುಬಿಟ್ಟರೆ ಕಾಲು ಬೀಸುವುದರಿಂದ ಮತ್ತೆ ಶುರು ಮಾಡಿಸಿ.

ಪ್ರಶ್ನೆ: ನಮಸ್ಕಾರ್ರಿ. ಕಬಡ್ಡಿ ಆಡ್ತೀನಿ, ರೈಡರ್. ಹೋದ ವರ್ಷ ಎರಡು ಸಲ ಎಡತೊಡೆ ಹಿಂದ ಹಿಡಕೊಂಡಿತ್ತು. ನಾರ್ಡಿಕ್ ಅನ್ನೋ ವ್ಯಾಯಾಮ ಮಾಡು ಅಂತ ಹೇಳ್ತಾರ. ಹೆಂಗ ಮಾಡ್ಬೇಕು, ಎಷ್ಟು ಮಾಡ್ಬೇಕು? ಒಮ್ಮೆ ಮಾಡಿ ನಾಲ್ಕು ದಿನ ಮೆಟ್ಟಲ ಇಳಿಯಾಕ ಆಗ್ಲಿಲ್ಲ.
— ಕಬಡ್ಡಿ ಆಟಗಾರ, ಧಾರವಾಡ ಜಿಲ್ಲೆ

ಉತ್ತರ: ನಿಮಗೆ ಹೇಳಿದವರು ಸರಿಯಾದ್ದನ್ನೇ ಹೇಳಿದ್ದಾರೆ, ಪ್ರಮಾಣ ಮಾತ್ರ ಹೇಳಿಲ್ಲ. ಹ್ಯಾಮ್‌ಸ್ಟ್ರಿಂಗ್ ಗಾಯ ತಡೆಯುವ ವ್ಯಾಯಾಮಗಳಲ್ಲಿ ಇದರಷ್ಟು ಪರೀಕ್ಷೆಗೆ ಒಳಗಾದದ್ದು ಇನ್ನೊಂದಿಲ್ಲ. ಡೆನ್ಮಾರ್ಕ್‌ನ 942 ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿದ ಗುಂಪಿನಲ್ಲಿ 15 ಗಾಯಗಳಾದರೆ, ಮಾಡದ ಗುಂಪಿನಲ್ಲಿ 52 ಆದವು. ಹಿಂದೆ ಒಮ್ಮೆ ಗಾಯವಾದವರಿಗೆ ಇದರ ಲಾಭ ಇನ್ನೂ ಹೆಚ್ಚು. ನೀವು ಆ ಸಾಲಿಗೆ ಸೇರುತ್ತೀರಿ.

ಕಾರಣ ಓಟದ ರೀತಿಯಲ್ಲೇ ಇದೆ. ವೇಗದ ಓಟದಲ್ಲಿ ಮುಂದಕ್ಕೆ ಬೀಸಿದ ಕಾಲು ನೆಲ ಮುಟ್ಟುವ ಮುನ್ನ, ಮುಂದೆ ಚಿಮ್ಮುತ್ತಿರುವ ಮೊಣಕಾಲ ಕೆಳಭಾಗವನ್ನು ಹ್ಯಾಮ್‌ಸ್ಟ್ರಿಂಗ್ ತಡೆದು ಹಿಡಿಯುತ್ತದೆ. ಅಂದರೆ ಉದ್ದವಾಗುತ್ತಲೇ ಬಲ ಹಾಕುತ್ತದೆ. ಹೊರಬದಿಯ ಸ್ನಾಯು ಹೆಚ್ಚಾಗಿ ಹರಿಯುವುದು ಆ ಕ್ಷಣದಲ್ಲೇ. ಕಬಡ್ಡಿಯಲ್ಲಿ ಕಾಲು ಚಾಚಿ ಟಚ್ ಪಡೆಯುವಾಗ, ಹಿಂದಿನಿಂದ ಪಾದ ಹಿಡಿದಾಗ ಮೈ ಮುಂದಕ್ಕೆ ಚಾಚಿ ಗೆರೆ ಮುಟ್ಟುವಾಗ ಸ್ನಾಯುವಿಗೆ ಬೀಳುವ ಹೊರೆಯೂ ಇದೇ ಜಾತಿಯದು. ಸುಮ್ಮನೆ ಎಳೆಯುವ ಸ್ಟ್ರೆಚ್ ಈ ಕೆಲಸಕ್ಕೆ ಸ್ನಾಯುವನ್ನು ತಯಾರು ಮಾಡುವುದಿಲ್ಲ. ನಾರ್ಡಿಕ್ ಮಾಡುತ್ತದೆ: ಉದ್ದವಾಗುತ್ತಾ ದುಡಿಯುವ ಬಲ ಬೆಳೆಯುತ್ತದೆ, ಸ್ನಾಯುವಿನ ಎಳೆಗಳೂ ಉದ್ದವಾಗುತ್ತವೆ.

ಮಾಡುವ ಕ್ರಮ: ಮ್ಯಾಟ್ ಮೇಲೆ ಮಂಡಿಯೂರಿ. ಜೊತೆಗಾರ ನಿಮ್ಮ ಎರಡೂ ಕಾಲನ್ನು ಹಿಮ್ಮಡಿಯ ಸ್ವಲ್ಪ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಲಿ. ಮೀನಖಂಡದ ಮೇಲೆ ಒತ್ತಿದರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಮಂಡಿಯಿಂದ ತಲೆವರೆಗೆ ಒಂದೇ ಹಲಗೆಯಂತೆ ಇದ್ದು, 3–5 ಸೆಕೆಂಡ್ ತೆಗೆದುಕೊಂಡು ಮುಂದಕ್ಕೆ ಬಾಗುತ್ತಾ ಹೋಗಿ. ತಡೆಯಲಾಗದ ಹಂತ ಬಂದಾಗ ಕೈಯೂರಿ ಎದೆ ನೆಲಕ್ಕೆ ತಾಗಿಸಿ. ಮೇಲೇಳುವಾಗ ಕೈಯಿಂದ ತಳ್ಳಿಕೊಂಡೇ ಏಳಿ, ತೊಡೆಯ ಬಲದಿಂದ ಏಳುವ ಹಟ ಬೇಡ. ಸೊಂಟ ಮಡಚಿ ಪೃಷ್ಠ ಹಿಂದಕ್ಕೆ ಹೋಗುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಹೊರೆ ಇಳಿದುಹೋಗುತ್ತದೆ, ಮಾಡಿದ ಲೆಕ್ಕ ಮಾತ್ರ ಉಳಿಯುತ್ತದೆ.

ಪ್ರಮಾಣ ಹೀಗಿರಲಿ. ಮೊದಲ ವಾರ ಒಂದೇ ದಿನ, 5ರಂತೆ 2 ಸೆಟ್. ಎರಡನೇ ವಾರ ಎರಡು ದಿನ, 6ರಂತೆ 2 ಸೆಟ್. ಮೂರನೇ ವಾರ ಮೂರು ದಿನ, 6ರಿಂದ 8ರಂತೆ 3 ಸೆಟ್. ನಾಲ್ಕನೇ ವಾರ ಮೂರು ದಿನ, 8ರಿಂದ 10ರಂತೆ 3 ಸೆಟ್. ಐದರಿಂದ ಹತ್ತನೇ ವಾರದವರೆಗೆ ಮೂರು ದಿನ, 12, 10, 8ರ ಮೂರು ಸೆಟ್. ಆಮೇಲೆ ಪಂದ್ಯಗಳ ಕಾಲದಲ್ಲಿ ವಾರಕ್ಕೊಂದು ಸಲ ಮಾಡಿದರೆ ಗಳಿಸಿದ್ದು ಉಳಿಯುತ್ತದೆ. ನೀವು ಮೊದಲ ದಿನವೇ ಐದನೇ ವಾರದ ಲೆಕ್ಕ ಮಾಡಿರಬೇಕು, ಅದಕ್ಕೇ ಮೆಟ್ಟಿಲು ಇಳಿಯಲಾಗಲಿಲ್ಲ. ಆ ನೋವು ಗಾಯವಲ್ಲ. ಹೊಸ ಹೊರೆಯ ನೋವು ಎರಡನೇ ಮೂರನೇ ದಿನ ಏರಿ ತಾನಾಗಿ ಇಳಿಯುತ್ತದೆ. ಅಭ್ಯಾಸದ ಕೊನೆಯಲ್ಲಿ ಮಾಡಿ, ಪಂದ್ಯದ ಹಿಂದಿನ ಎರಡು ದಿನ ಬಿಡಿ.

ನಾರ್ಡಿಕ್ ಹೆಚ್ಚಾಗಿ ಮೊಣಕಾಲಿನ ಕಡೆಯಿಂದ ಕೆಲಸ ಕೊಡುತ್ತದೆ. ಸೊಂಟದ ಕಡೆಯಿಂದಲೂ ಕೆಲಸ ಬೇಕು. ಅದಕ್ಕೆ ಒಂಟಿ ಕಾಲಿನ ರೊಮೇನಿಯನ್ ಡೆಡ್‌ಲಿಫ್ಟ್: ನಿಂತ ಕಾಲಿನ ಮೊಣಕಾಲು ತುಸು ಮಡಚಿ, ಎದುರು ಬದಿಯ ಕೈಯಲ್ಲಿ 5–10 ಕೆ.ಜಿ. ಹಿಡಿದು, ಬೆನ್ನು ನೇರವಾಗಿಟ್ಟು ಸೊಂಟದಲ್ಲಿ ಬಾಗಿ, ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಿ. ಸೊಂಟದ ಎರಡೂ ಬದಿ ನೆಲವನ್ನೇ ನೋಡುತ್ತಿರಬೇಕು, ಒಂದು ಬದಿ ಮೇಲಕ್ಕೆ ತಿರುಗಬಾರದು. 8ರಂತೆ 3 ಸೆಟ್, ವಾರಕ್ಕೆ ಎರಡು ದಿನ. ಇಳಿಯಲು 3 ಸೆಕೆಂಡ್.

ಕಾಲು ಹಿಡಿಯುವವರು ಇಲ್ಲದ ದಿನ ಮನೆಯಲ್ಲಿ ನುಣುಪಾದ ನೆಲವಿದ್ದರೆ ಸಾಕು. ಅಂಗಾತ ಮಲಗಿ ಹಿಮ್ಮಡಿಗಳ ಕೆಳಗೆ ಒಣಬಟ್ಟೆ ಇಟ್ಟುಕೊಂಡು ಸೊಂಟ ಎತ್ತಿ, 4 ಸೆಕೆಂಡ್‌ನಲ್ಲಿ ಹಿಮ್ಮಡಿಗಳನ್ನು ದೂರ ಜಾರಿಸಿ. ಸೊಂಟ ಇಳಿಸಿ, ಕಾಲು ಮಡಚಿಕೊಂಡು ಮತ್ತೆ ಶುರು. 6ರಂತೆ 3 ಸೆಟ್. ನಾರ್ಡಿಕ್ ಇನ್ನೂ ಕೈಗೆ ಬಾರದವರು ಇದರಿಂದಲೇ ಆರಂಭಿಸುವುದು ಒಳ್ಳೆಯದು.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ, ದಿನಕ್ಕೆ 9 ಗಂಟೆ ಕುರ್ಚಿ. ವಯಸ್ಸು 41. ಹಾಫ್ ಮ್ಯಾರಥಾನ್ ಓಡುತ್ತೇನೆ, ವಾರಾಂತ್ಯಕ್ಕೆ ನಂದಿ ಬೆಟ್ಟದ ಏರು. ನಾಲ್ಕು ತಿಂಗಳಿಂದ ಪೃಷ್ಠದ ಬುಡದಲ್ಲಿ ಆಳವಾದ ನೋವು. ಕೂತರೆ ಹೆಚ್ಚು, ಕಾರು ಓಡಿಸುವಾಗ ಇನ್ನೂ ಹೆಚ್ಚು. ಹ್ಯಾಮ್‌ಸ್ಟ್ರಿಂಗ್ ಬಿಗಿತ ಎಂದು ದಿನಕ್ಕೆ ನಾಲ್ಕು ಸಲ ಸ್ಟ್ರೆಚ್ ಮಾಡುತ್ತಿದ್ದೇನೆ. ಕಡಿಮೆಯಾಗುವ ಬದಲು ಹೆಚ್ಚಾಗುತ್ತಿದೆ.
— ಓದುಗರು, ಬೆಂಗಳೂರು

ಉತ್ತರ: ಇವತ್ತಿನಿಂದಲೇ ಸ್ಟ್ರೆಚ್ ನಿಲ್ಲಿಸಿ. ನೀವು ಹೇಳಿದ ಲಕ್ಷಣಗಳು ಸ್ನಾಯುವಿನ ಬಿಗಿತಕ್ಕಿಂತ, ಕೂರುವ ಮೂಳೆಗೆ ಅದು ಅಂಟಿಕೊಳ್ಳುವ ಜಾಗದ ಸ್ನಾಯುರಜ್ಜು ಸವೆದು ಕೆರಳಿರುವುದಕ್ಕೆ ಹೊಂದುತ್ತವೆ. ಸೊಂಟ ಹೆಚ್ಚು ಮಡಚಿದಷ್ಟೂ ಆ ರಜ್ಜು ಮೂಳೆಯ ಮೇಲೆ ಒತ್ತಿಕೊಳ್ಳುತ್ತದೆ. ಕೂರುವುದು, ಬಗ್ಗುವುದು, ಏರು ಹತ್ತುವುದು, ಹ್ಯಾಮ್‌ಸ್ಟ್ರಿಂಗ್ ಸ್ಟ್ರೆಚ್, ಎಲ್ಲವೂ ಮಾಡುವುದು ಅದನ್ನೇ. ಬಿಗಿತ ಬಿಡಿಸಲೆಂದು ದಿನಕ್ಕೆ ನಾಲ್ಕು ಸಲ ನೋವಿನ ಜಾಗವನ್ನೇ ಅರೆದ ಹಾಗಾಗಿದೆ.

ಮೊದಲ ಎರಡು ಮೂರು ವಾರ ಅಲುಗದೆ ಬಲ ಹಾಕುವ ವ್ಯಾಯಾಮ ಮಾತ್ರ. ಅಂಗಾತ ಮಲಗಿ, ಹಿಮ್ಮಡಿಗಳನ್ನು ಸಾಮಾನ್ಯ ಸೇತುಬಂಧಕ್ಕಿಂತ (ಮೊಣಕಾಲು ಮಡಚಿ ಸೊಂಟ ಎತ್ತುವ ಆಸನ) ಒಂದು ಅಡಿ ದೂರದಲ್ಲಿಟ್ಟು ಸೊಂಟ ಎತ್ತಿ, 30–45 ಸೆಕೆಂಡ್ ಹಾಗೇ ಇರಿ. ಐದು ಸಲ, ನಡುವೆ ಒಂದೆರಡು ನಿಮಿಷ ಬಿಡುವು, ದಿನಕ್ಕೆ ಎರಡು ಹೊತ್ತು. ನೋವನ್ನು 10ರಲ್ಲಿ ಅಳೆದರೆ 3 ದಾಟಬಾರದು, ಮಾರನೆಯ ಬೆಳಿಗ್ಗೆ ಹೆಚ್ಚಾಗಿರಬಾರದು. ಈ ಎರಡು ಅಳತೆ ಮುಂದಿನ ಎಲ್ಲ ಹಂತಕ್ಕೂ ಅನ್ವಯಿಸುತ್ತವೆ. ನಂತರ ಒಂಟಿ ಕಾಲಿನ ಸೇತುಬಂಧ, ಬೋರಲು ಮಲಗಿ ಮೊಣಕಾಲು ಮಡಚುವ ಲೆಗ್ ಕರ್ಲ್: ದಿನ ಬಿಟ್ಟು ದಿನ, 8ರಂತೆ 3–4 ಸೆಟ್, ಹೊರೆ ನಿಧಾನಕ್ಕೆ ಏರಲಿ. ಅದು ನಿರಾಳವಾದ ಮೇಲಷ್ಟೇ ಮುಂದಕ್ಕೆ ಬಾಗುವ ಡೆಡ್‌ಲಿಫ್ಟ್, ಮೊದಲು ಮೊಣಕಾಲ ಮಟ್ಟದವರೆಗೆ ಮಾತ್ರ.

ಓಟ ಪೂರ್ತಿ ಬಿಡಬೇಕಿಲ್ಲ. ಸಮತಟ್ಟಾದ ದಾರಿ, ಚಿಕ್ಕ ಹೆಜ್ಜೆ, ನಿಧಾನದ ವೇಗ ಇರಲಿ. ಬೆಟ್ಟವನ್ನೂ ವೇಗದ ಓಟವನ್ನೂ ಸದ್ಯಕ್ಕೆ ಬಿಡಿ. ಕುರ್ಚಿಯಲ್ಲಿ ಅರ್ಧ ಗಂಟೆಗೊಮ್ಮೆ ಏಳಿ. ಭಾರ ಕೂರುವ ಮೂಳೆಯ ಮೇಲೆ ಬೀಳದೆ ತೊಡೆಗಳ ಮೇಲೆ ಬೀಳುವಂತೆ ದಿಂಬು ಇಟ್ಟುಕೊಳ್ಳಿ. ರಜ್ಜು ಸ್ನಾಯುವಿನಷ್ಟು ಬೇಗ ಸುಧಾರಿಸುವುದಿಲ್ಲ. 3ರಿಂದ 6 ತಿಂಗಳ ಲೆಕ್ಕ ಇಟ್ಟುಕೊಳ್ಳಿ. ಎರಡು ವಾರ ಚೆನ್ನಾಗಿತ್ತೆಂದು ಬೆಟ್ಟ ಹತ್ತಿ ಮೊದಲ ಹಂತಕ್ಕೆ ಬರುವವರು ಬಹಳ. ಬೆನ್ನಿನಿಂದಲೂ ಇಂಥದೇ ನೋವು ಬರುವುದರಿಂದ ಫಿಸಿಯೊಥೆರಪಿಸ್ಟ್ ಒಮ್ಮೆ ಕೈಯಿಟ್ಟು ನೋಡುವುದು ಒಳ್ಳೆಯದು.

ಪ್ರಶ್ನೆ: ನನ್ನ ಮಗನಿಗೆ 13. ಖೋ ಖೋ ಆಡುತ್ತಾನೆ. ಒಂದು ವರ್ಷದಲ್ಲಿ 8 ಸೆಂಟಿಮೀಟರ್ ಬೆಳೆದ. ಮೊದಲು ಸಲೀಸಾಗಿ ಬಗ್ಗುತ್ತಿದ್ದವನಿಗೆ ಈಗ ಮೊಣಕಾಲ ಕೆಳಗೆ ಕೈ ಹೋಗುವುದಿಲ್ಲ. ಕೋಚ್ ಬೆನ್ನಿನ ಮೇಲೆ ಒತ್ತಿ ಬಗ್ಗಿಸುತ್ತಾರಂತೆ.
— ತಾಯಿ, ತುಮಕೂರು

ಉತ್ತರ: ಒತ್ತಿ ಬಗ್ಗಿಸುವುದನ್ನು ದಯವಿಟ್ಟು ತಡೆಯಿರಿ ತಾಯಿ. ಈ ವಯಸ್ಸಿನಲ್ಲಿ ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಆ ಅಂತರದ ತಿಂಗಳುಗಳಲ್ಲಿ ಬಿಗಿತ ಸಹಜ. ಆದರೆ ಹ್ಯಾಮ್‌ಸ್ಟ್ರಿಂಗ್ ಅಂಟಿಕೊಂಡಿರುವ ಕೂರುವ ಮೂಳೆಯ ತುದಿ ಹದಿಹರೆಯದಲ್ಲಿ ಇನ್ನೂ ಪೂರ್ತಿ ಬೆಸೆದಿರುವುದಿಲ್ಲ. ದೊಡ್ಡವರಲ್ಲಿ ಸ್ನಾಯು ಹರಿಯುವಂಥ ಎಳೆತಕ್ಕೆ ಮಕ್ಕಳಲ್ಲಿ ಮೂಳೆಯ ಆ ಚೂರೇ ಕಿತ್ತು ಬರಬಹುದು. ಖೋ ಖೋದಲ್ಲಿ ಕುಕ್ಕರಗಾಲಿನಿಂದ ಸಿಡಿದೆದ್ದು ಓಡುವುದು, ಕಂಬದ ಬಳಿ ಮೈ ಚಾಚುವುದು ಇರುವುದರಿಂದ ಎಚ್ಚರ ಹೆಚ್ಚೇ ಬೇಕು. ಪೃಷ್ಠದ ಬುಡದಲ್ಲಿ ‘ಟಕ್’ ಎಂದು ನೋವು ಬಂದು ನಡೆಯಲು ಕಷ್ಟವಾದರೆ ಅದನ್ನು ಉಳುಕು ಎಂದುಕೊಂಡು ತಿಕ್ಕಿಸಬೇಡಿ, ಎಕ್ಸ್‌ರೇ ತೆಗೆಸಿ.

ಹಾಸನದ ಓದುಗರಿಗೆ ಹೇಳಿದ ಮಲಗಿ ಮಾಡುವ ಸ್ಟ್ರೆಚ್ ಇವನಿಗೂ ಸಾಕು. 20–30 ಸೆಕೆಂಡ್, ಕಾಲಿಗೆ ಎರಡು ಸಲ, ಮಗ ತಾನೇ ಎಳೆದುಕೊಳ್ಳಲಿ. ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಹಾಕಿ. ಬೆಳವಣಿಗೆ ಜೋರಾಗಿರುವ ತಿಂಗಳುಗಳಲ್ಲಿ ಪೂರ್ಣ ವೇಗದ ಓಟದ ಸುತ್ತುಗಳನ್ನು ಸ್ವಲ್ಪ ಕಡಿಮೆ ಮಾಡಲು ಕೋಚ್‌ಗೆ ಹೇಳಿ.

ಪ್ರಶ್ನೆ: ಫುಟ್‌ಬಾಲ್ ಆಡುವಾಗ ತೊಡೆಯ ಹಿಂದೆ ಯಾರೋ ಕಲ್ಲು ಹೊಡೆದ ಹಾಗಾಯಿತು. ಎರಡು ದಿನ ಎಣ್ಣೆ ಹಚ್ಚಿ ತಿಕ್ಕಿದೆವು, ಬಿಸಿನೀರು ಹಾಕಿದೆವು. ಈಗ ಐದನೇ ದಿನ. ನಡೆಯಬಲ್ಲೆ. ಸ್ಟ್ರೆಚ್ ಶುರು ಮಾಡಲೇ?
— ಆಟಗಾರ, ಮೈಸೂರು

ಉತ್ತರ: ಕಲ್ಲು ಹೊಡೆದ ಹಾಗೆ ಅನ್ನಿಸಿದ್ದು ಸ್ನಾಯುವಿನ ಎಳೆಗಳು ಹರಿದಾಗ. 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 4x100 ರಿಲೇಯ ಕೊನೆಯ ಸರದಿ ಓಡುತ್ತಿದ್ದ ಉಸೇನ್ ಬೋಲ್ಟ್ ಕುಂಟುತ್ತಾ ಟ್ರ್ಯಾಕ್ ಮೇಲೆ ಬಿದ್ದದ್ದು ನೆನಪಿರಬಹುದು, ಅದೂ ಹ್ಯಾಮ್‌ಸ್ಟ್ರಿಂಗ್ ಗಾಯವೇ. ಮೊದಲ ಎರಡು ಮೂರು ದಿನ ತಿಕ್ಕಿದರೆ, ಬಿಸಿ ಕೊಟ್ಟರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಆಗ ಬೇಕಿದ್ದುದು ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ, ಎಲಾಸ್ಟಿಕ್ ಬ್ಯಾಂಡೇಜ್, ನೋವಾಗದಷ್ಟು ನಡಿಗೆ. ತೊಡೆಯ ತುಂಬ ನೀಲಿ ಹರಡಿದ್ದರೆ, ಕೈಗೆ ಗುಳಿ ಸಿಕ್ಕರೆ, ಅಥವಾ ನೋವು ಕೂರುವ ಮೂಳೆಯ ಬುಡದಲ್ಲೇ ಇದ್ದರೆ ವ್ಯಾಯಾಮಕ್ಕಿಂತ ಮುಂಚೆ ವೈದ್ಯರನ್ನು ಕಾಣಿ. ರಜ್ಜು ಮೂಳೆಯಿಂದ ಪೂರ್ತಿ ಕಿತ್ತಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ತಡವಾದಷ್ಟೂ ಅದು ಕಷ್ಟ.

ಅಂಥದೇನೂ ಇಲ್ಲದಿದ್ದರೆ ಐದನೇ ದಿನ ಶುರು ಮಾಡಲು ಸೂಕ್ತ, ಆದರೆ ಎಳೆದು ಹಿಡಿಯುವ ಸ್ಟ್ರೆಚ್ ಅಲ್ಲ. ಸ್ವೀಡನ್ನಿನಲ್ಲಿ ರೂಪಿಸಿದ ಮೂರು ವ್ಯಾಯಾಮಗಳ ಕ್ರಮ ಇದಕ್ಕೆ ಬಹಳ ಚೆನ್ನಾಗಿದೆ. ಅಲ್ಲಿನ ಫುಟ್‌ಬಾಲ್ ಆಟಗಾರರಲ್ಲಿ ಹೋಲಿಸಿ ನೋಡಿದಾಗ, ಈ ಕ್ರಮ ಪಾಲಿಸಿದವರು ಸರಾಸರಿ 28 ದಿನಕ್ಕೆ, ಸಾಮಾನ್ಯ ವ್ಯಾಯಾಮ ಮಾಡಿದವರು 51 ದಿನಕ್ಕೆ ಪೂರ್ಣ ಅಭ್ಯಾಸಕ್ಕೆ ಮರಳಿದರು.

ಮೊದಲನೆಯದು: ಅಂಗಾತ ಮಲಗಿ, ಗಾಯದ ಕಾಲಿನ ತೊಡೆಯನ್ನು ಲಂಬವಾಗಿ ಹಿಡಿದು, ಮೊಣಕಾಲನ್ನು ನೋವು ಶುರುವಾಗುವ ತುಸು ಮುಂಚಿನವರೆಗೆ ನೆಟ್ಟಗೆ ಮಾಡಿ ಮಡಚುವುದು. 12ರಂತೆ 3 ಸೆಟ್, ದಿನವೂ ಎರಡು ಹೊತ್ತು. ಎರಡನೆಯದು: ಗಾಯದ ಕಾಲಿನ ಮೇಲೆ ಮೊಣಕಾಲು 10–20 ಡಿಗ್ರಿ ಮಡಚಿ ನಿಂತು, ಈಜುಕೊಳಕ್ಕೆ ಹಾರುವವರ ಹಾಗೆ ಕೈ ಮುಂದೆ ಚಾಚಿ ಸೊಂಟದಲ್ಲಿ ಬಾಗುವುದು. ಇನ್ನೊಂದು ಕಾಲು ಮೊಣಕಾಲಲ್ಲಿ ಮಡಚಿಕೊಂಡು ಹಿಂದಕ್ಕೆ ಹೋಗುತ್ತದೆ. 6ರಂತೆ 3 ಸೆಟ್, ದಿನ ಬಿಟ್ಟು ದಿನ, ಬಹಳ ನಿಧಾನವಾಗಿ. ಮೂರನೆಯದೇ ಕಠಿಣ: ಒಂದು ಕೈಯಲ್ಲಿ ಕಿಟಕಿ ಸರಳು ಹಿಡಿದು, ಗಾಯದ ಕಾಲನ್ನು ಮುಂದಿಟ್ಟು ಭಾರವೆಲ್ಲ ಅದರ ಹಿಮ್ಮಡಿಯ ಮೇಲೆ ಹಾಕಿ, ಸಾಕ್ಸ್ ಹಾಕಿದ ಇನ್ನೊಂದು ಪಾದವನ್ನು ಹಿಂದಕ್ಕೆ ಜಾರಿಸುತ್ತಾ ಹೋಗುವುದು. ನೋವಿಗೆ ಮುಂಚೆ ನಿಲ್ಲಿಸಿ, ತೋಳುಗಳ ಬಲದಿಂದ ವಾಪಸ್ ಬನ್ನಿ, ಗಾಯದ ಕಾಲಿನಿಂದಲ್ಲ. 4ರಂತೆ 3 ಸೆಟ್, ಮೂರು ದಿನಕ್ಕೊಮ್ಮೆ.

ನೋವಿಲ್ಲದೆ ಜಾಗಿಂಗ್ ಆಯಿತು ಎಂಬುದು ಪಂದ್ಯಕ್ಕೆ ಮರಳಲು ಸಾಲದು. ಒತ್ತಿದರೆ ನೋವಿರಬಾರದು, ಎತ್ತಿದ ಎರಡೂ ಕಾಲು ಸಮ ಎತ್ತರಕ್ಕೆ ಬರಬೇಕು, ಮಲಗಿ ಕಾಲನ್ನು ನೆಟ್ಟಗೆ ಜೋರಾಗಿ ಮೇಲೆ ಬೀಸಿದಾಗ ಹಿಂಜರಿಕೆ ಆಗಬಾರದು, ಪೂರ್ಣ ವೇಗದ ಓಟವನ್ನು ಬೇರೆ ಬೇರೆ ದಿನ ಮೂರು ನಾಲ್ಕು ಸಲ ಮಾಡಿ ಮುಗಿಸಿರಬೇಕು. ಅದಕ್ಕೆ ಮುಂಚೆ ಯಾರೇ ಒತ್ತಾಯಿಸಿದರೂ ಇಳಿಯಬೇಡಿ. ಮರುಗಾಯವಾದರೆ ಸಾಮಾನ್ಯವಾಗಿ ಮೊದಲಿನದಕ್ಕಿಂತ ಹೆಚ್ಚು ದಿನ ಹೊರಗಿರಬೇಕಾಗುತ್ತದೆ.

ಪ್ರಶ್ನೆ: ಕಂಬಳದಲ್ಲಿ ಹಗ್ಗ ವಿಭಾಗದಲ್ಲಿ ಕೋಣ ಓಡಿಸುತ್ತೇನೆ. ಸೀಸನ್ ಶುರುವಾದ ಎರಡು ಮೂರು ವಾರ ತೊಡೆ ಹಿಂದೆ ಹಿಡಿದೇ ಹಿಡಿಯುತ್ತದೆ. ಏನು ಮಾಡಬಹುದು?
— ಓಟಗಾರ, ಕಾರ್ಕಳ

ಉತ್ತರ: ಸೀಸನ್ನಿನ ಆರಂಭದಲ್ಲೇ ಹಿಡಿಯುವುದೇ ಕಾರಣವನ್ನು ಹೇಳುತ್ತಿದೆ. ಮಳೆಗಾಲವಿಡೀ ಪೂರ್ಣ ವೇಗ ಕಾಣದ ಸ್ನಾಯು ನವೆಂಬರ್‌ನಲ್ಲಿ ಒಮ್ಮೆಲೇ ಕರೆಗೆ, ಅಂದರೆ ಕೆಸರಿನ ಓಟದ ಕಣಕ್ಕೆ, ಇಳಿಯುತ್ತದೆ. ಅದೂ ಕೋಣಗಳ ವೇಗ ನಿಮ್ಮನ್ನು ಮುಂದಕ್ಕೆ ಎಳೆಯುತ್ತಿರುವಾಗ, ಹೆಜ್ಜೆ ನಿಮ್ಮ ಸ್ವಂತ ಹೆಜ್ಜೆಗಿಂತ ಉದ್ದವಾಗಿ, ಕಾಲು ಮೈಗಿಂತ ತುಂಬ ಮುಂದೆ ಕೆಸರಿನಲ್ಲಿ ಊರುತ್ತದೆ. ಹಾಗೆ ಊರಿದಾಗ ಹ್ಯಾಮ್‌ಸ್ಟ್ರಿಂಗ್‌ಗೆ ಬೀಳುವ ಹೊರೆ ಹೆಚ್ಚುತ್ತದೆ. (ಕೋಣಗಳು ಎಳೆಯುವ ಅಡ್ಡಹಲಗೆಯ ಮೇಲೆ ನಿಲ್ಲುವವರ ಹೊರೆ ಬೇರೆ, ಅವರಿಗೆ ಬೆನ್ನು ಮತ್ತು ಮುಂದೊಡೆಯ ಬಲ ಮುಖ್ಯ.)

ಆಗಸ್ಟ್ ಕೊನೆಗೆ ನಾರ್ಡಿಕ್ ಶುರು ಮಾಡಿದರೆ ಹತ್ತು ವಾರದ ಕ್ರಮ ಸೀಸನ್ನಿಗೆ ಮುಂಚೆ ಮುಗಿಯುತ್ತದೆ. ಸೆಪ್ಟೆಂಬರ್ ಕೊನೆಯಿಂದ ಒಣ ನೆಲದಲ್ಲಿ ವಾರಕ್ಕೆ ಎರಡು ದಿನ 60 ಮೀಟರ್‌ನ 4–6 ವೇಗದ ಓಟ, ನಡುವೆ ಪೂರ್ತಿ ದಣಿವಾರುವಷ್ಟು ಬಿಡುವು. ಮೊದಲ ವಾರ ಮುಕ್ಕಾಲು ವೇಗ, ನಾಲ್ಕನೇ ವಾರಕ್ಕೆ ಪೂರ್ಣ. ಕಂಬಳ ಹಗಲು ರಾತ್ರಿ ನಡೆಯುವುದರಿಂದ ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಒದ್ದೆ ಬಟ್ಟೆಯಲ್ಲೇ ಕೂರಬೇಡಿ. ಕೆಸರು ತೊಳೆದು, ಕಾಲು ಒರೆಸಿ, ಬೆಚ್ಚಗಿನ ಪ್ಯಾಂಟ್ ಹಾಕಿಕೊಳ್ಳಿ. ನಿಮ್ಮ ಸರದಿಗೆ 15 ನಿಮಿಷ ಮುಂಚೆ ಕಾಲು ಬೀಸುವುದು ಮತ್ತು ಏರುವೇಗದ ಮೂರು ಓಟ ಮತ್ತೆ ಮಾಡಿ, ಅದು ಆ ದಿನದ ನಾಲ್ಕನೇ ಓಟವಾಗಿದ್ದರೂ ಸರಿ.

ಪ್ರಶ್ನೆ: ಫೋಮ್ ರೋಲರ್ ಕೊಳ್ಳಲೇ? ಬಾಳೆಹಣ್ಣು ತಿಂದರೆ ಬಿಗಿತ ಹೋಗುತ್ತದೆಯೇ?
— ವಿದ್ಯಾರ್ಥಿ, ಬಳ್ಳಾರಿ

ಉತ್ತರ: ರೋಲರ್‌ನಿಂದ ಒಂದೆರಡು ನಿಮಿಷ ಉರುಳಿಸಿದರೆ ಕೆಲವು ನಿಮಿಷ ಕಾಲು ಸಡಿಲ ಅನ್ನಿಸುತ್ತದೆ, ಸ್ನಾಯು ಉದ್ದವಾಗುವುದಿಲ್ಲ. ಆ ಸಡಿಲ ಹೊತ್ತಿನಲ್ಲಿ ವ್ಯಾಯಾಮ ಮಾಡಿದರೆ ಪ್ರಯೋಜನ. ದುಡ್ಡು ಖರ್ಚು ಮಾಡುವ ಮುಂಚೆ ಮನೆಯ ಲಟ್ಟಣಿಗೆಯನ್ನು ಬಟ್ಟೆ ಸುತ್ತಿ ಬಳಸಿ ನೋಡಿ. ಮೊಣಕಾಲ ಹಿಂದಿನ ಗುಳಿಯ ಮೇಲೆ ಮಾತ್ರ ಉರುಳಿಸಬೇಡಿ, ಅಲ್ಲಿ ನರ ಮತ್ತು ರಕ್ತನಾಳಗಳು ಮೇಲೆಯೇ ಇವೆ. ಬಾಳೆಹಣ್ಣು ಒಳ್ಳೆಯ ಆಹಾರ, ಬಿಗಿತಕ್ಕೆ ಔಷಧವಲ್ಲ. ಆಟದ ನಡುವೆ ಸ್ನಾಯು ಗಂಟಾಗಿ ಹಿಡಿದುಕೊಳ್ಳುವುದು ಬೇರೆ ಸಮಸ್ಯೆ. ಆಗ ಮೊಣಕಾಲು ನೆಟ್ಟಗೆ ಮಾಡಿ ಗಂಟು ಬಿಡುವವರೆಗೆ ಮೆಲ್ಲನೆ ಎಳೆದು ಹಿಡಿಯಬೇಕು. ಬಳ್ಳಾರಿಯ ಬಿಸಿಲಿನಲ್ಲಿ ಗಂಟೆಗಿಂತ ಹೆಚ್ಚು ಆಡುವುದಾದರೆ ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ.